ಮೊಟ್ಟೆಯ ನಂಜು

ರಕ್ತ ಮೊದಲು ಕಂಡದ್ದು ನನಗಲ್ಲ, ನಮ್ಮ ಅತ್ತೆಗೆ. ನಾನು ಗದ್ದೆಯಿಂದ ಬಂದು, ಹಿತ್ತಲಲ್ಲಿ ಕೈಕಾಲು ತೊಳೆದು, ನಡುಮನೆ ದಾಟಿ ಅಡುಗೆಮನೆಗೆ ಹೋಗಿ ಸಾರಿಗೆ ಗ್ಯಾಸ್ ಹಚ್ಚಿದ್ದೆ. ಹಿಂದಿನಿಂದ ಕೂಗು ಬಂತು. "ಯಾರ್ದೇ ಇದು ರಕ್ತ? ಎಜ್ಜೆ ಎಜ್ಜೆಗೂ ಬಿದ್ದದಲ್ಲೇ!" ತಿರುಗಿ ನೋಡಿದರೆ ಬೆಳಿಗ್ಗೆ ತಾನೇ ಒರೆಸಿದ್ದ ಬಿಳಿ ಟೈಲ್ಸಿನ ಮೇಲೆ ಹಿತ್ತಲ ಬಾಗಿಲಿನಿಂದ ನನ್ನ ಕಾಲಿನವರೆಗೂ ಕೆಂಪು ಬೊಟ್ಟುಗಳು. ಬಲಗಾಲೆತ್ತಿ ನೋಡಿದೆ. ಹೆಬ್ಬೆರಳಿನ ಕೆಳಗೆ ಕಬ್ಬಿನ ಕೂಳೆಯ ಚೂರೊಂದು ಹೊಕ್ಕು ಕುಳಿತಿತ್ತು.

ನಮ್ಮ ಭತ್ತದ ಗದ್ದೆಗೆ ಹೋಗುವ ದಾರಿ ಪಕ್ಕದವರ ಕಬ್ಬಿನ ಹೊಲದ ಮೇಲೆ. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಕೂಳೆ ಮಚ್ಚಿನ ಮೊನೆಯ ಹಾಗಿರುತ್ತದೆ. ಅದು ಗೊತ್ತಿದ್ದೂ ನಾವೆಲ್ಲ ಚಪ್ಪಲಿಯನ್ನು ನಾಲೆ ಏರಿಯ ಮೇಲೆ ಬಿಟ್ಟೇ ಹೋಗುವುದು. ಅನ್ನ ಕೊಡುವ ಮಣ್ಣಿಗೆ ಚಪ್ಪಲಿ ಮೆಟ್ಟಿ ಇಳಿಯುವುದು ಚುಂಚನಕಟ್ಟೆ ಸುತ್ತಿನ ನಮ್ಮ ಊರುಗಳಲ್ಲಿ ಇಲ್ಲ.

ನೋವಾಗಿದ್ದರೆ ಅಯ್ಯೋ ಅಪ್ಪಾ ಎಂದು ಕೂಗಿ, ಕಿತ್ತೆಸೆದು, ಅರಿಶಿನ ಮೆತ್ತಿ ಮರೆತುಬಿಡುತ್ತಿದ್ದೆ. ನೋವೇ ಆಗಿರಲಿಲ್ಲ. ಅದಕ್ಕೇ ಎದೆ ಧಸಕ್ಕೆಂದಿತು. ನನಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿವೆ, ಅದು ಕಾಲಿಗೆ ಜೋಮು ಹಿಡಿಸುತ್ತದೆ ಎಂದು ಕೇಳಿದ್ದೆ. ಒಂದು ಮಾರು ದಾರಿಯಲ್ಲ, ಗದ್ದೆಯಿಂದ ಮನೆವರೆಗೂ ಕೂಳೆಯ ಮೇಲೆ ಭಾರ ಹಾಕಿಕೊಂಡೇ ನಡೆದು ಬಂದಿದ್ದೇನೆ, ನನ್ನ ಕಾಲು ನನಗೆ ಹೇಳಲೇ ಇಲ್ಲ!

ನಮ್ಮ ಮನೆಯವರು ಬೈಕಿನಲ್ಲಿ ಕೂರಿಸಿಕೊಂಡು ಕೆ.ಆರ್. ನಗರಕ್ಕೆ ಹೋದರು. ಅಲ್ಲಿನ ಡಾಕ್ಟರಮ್ಮ ಚೂರು ತೆಗೆದು, ತೊಳೆದು, ಕಾಲನ್ನು ಅತ್ತಿತ್ತ ತಿರುಗಿಸಿ ನೋಡಿದರು. ಅವರ ಮುಖ ಸಪ್ಪಗಾಯಿತು. ಪೆನ್ನು ತೆಗೆದು ನನ್ನ ಬೆರಳಿನ ಬುಡದಲ್ಲಿ ಸುತ್ತಲೂ ಒಂದು ಗೆರೆ ಎಳೆದರು. "ನೋಡಿಮ್ಮ, ಗಾಯ ಕಪ್ಪಾಗಿ ಆ ಕಪ್ಪು ಈ ಗೆರೆ ದಾಟಿದರೆ ಮೈಸೂರಿಗೆ ಕಳಿಸ್ತೀನಿ. ಬೆರಳು ತೆಗೀಬೇಕಾಗುತ್ತೆ. ತಡ ಮಾಡಿದರೆ ಬೆರಳಿಗೇ ನಿಲ್ಲಲ್ಲ" ಎಂದರು. ನಮ್ಮ ಮನೆಯವರು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಾ ನಿಂತುಬಿಟ್ಟರು.

ಆಮೇಲೆ ಡಾಕ್ಟರಮ್ಮ ಹೇಳಿದ್ದು ಮಾತ್ರೆಯ ಮಾತಷ್ಟೇ ಅಲ್ಲ. ಆ ಕಾಲಿನ ಮೇಲೆ ಭಾರ ಬಿಡಬಾರದು, ಹಾಗಂತ ಮಂಚಕ್ಕೂ ಅಂಟಿಕೊಳ್ಳಬಾರದು. ಸಕ್ಕರೆ ಇಳಿಯಬೇಕಾದರೆ ಮೈ ಆಡಬೇಕು, ಕುರ್ಚಿಯಲ್ಲಿ ಕೂತೇ ಕೈಯೆತ್ತಿ ಇಳಿಸಿ, ಇನ್ನೊಂದು ಕಾಲು ಚಾಚಿ ಮಡಚಿ ಅಂದರು. ಮುದ್ದೆ ಅರ್ಧಕ್ಕೆ ಇಳಿಸಿ, ಸೊಪ್ಪು ಕಾಳು ಜಾಸ್ತಿ ಮಾಡಿ, ದಿನಾ ಮೊಟ್ಟೆ ತಿನ್ನಿ, ಸಿಕ್ಕರೆ ಮೀನು ತಿನ್ನಿ ಅಂದರು. "ಗಾಯ ತುಂಬಬೇಕಾದರೆ ಮೈಗೆ ಸಾಮಾನು ಬೇಡ್ವಾ? ಇಟ್ಟಿಗೆ ಇಲ್ದೆ ಗೋಡೆ ಎದ್ದೇಳುತ್ತಾ?"

ನಾನು ನಮ್ಮ ಮನೆಯವರ ಮುಖ ನೋಡಿದೆ. ಡಾಕ್ಟರಮ್ಮನಿಗೆ ನಮ್ಮ ಅತ್ತೆ ಗೊತ್ತಿಲ್ಲವಲ್ಲ.

ನಮ್ಮ ಕಡೆ ಯಾರಿಗೇ ಗಾಯವಾಗಲಿ, ಆಪರೇಷನ್ ಆಗಲಿ, ಮೊದಲು ನಿಲ್ಲಿಸುವುದು ನಂಜಿನ ಪದಾರ್ಥ. ಬದನೆಕಾಯಿ ನಂಜು, ಕಡಲೆಕಾಯಿ ನಂಜು, ಮೀನು ಅಂತೂ ಮಹಾ ನಂಜು, ಮೊಟ್ಟೆ ಅದರ ತಮ್ಮ. ತಿಂದರೆ ಗಾಯ ಕೀವು ಕಟ್ಟುತ್ತದೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಗಾಯ ಆದವರಿಗೆ ಅನ್ನದ ಗಂಜಿ, ಮೆಣಸಿನ ಸಾರು, ಅಷ್ಟೇ. ಊರಿನ ಪಥ್ಯವೇ ಇಷ್ಟಾದರೆ ನಮ್ಮ ಅತ್ತೆಯದು ಇನ್ನೂ ಒಂದು ಕೈ ಮೇಲೆ. ಮೀನಿನ ವಾಸನೆಯನ್ನು ಕೂಡ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಾವೇರಿ ದಡದಲ್ಲಿದ್ದು ಮೀನು ಬೇಯದ ಮನೆ ಅಂದರೆ ಊರಿನಲ್ಲಿ ನಮ್ಮದೊಂದೇ. ಯಾಕೆ ಎಂದು ಕೇಳಿದರೆ "ಆಗಲ್ಲ ಬುಡು" ಎಂದು ಸುಮ್ಮನಾಗುತ್ತಿದ್ದರು.

ಅವತ್ತು ನಾವು ಮನೆಗೆ ಬರುವುದರೊಳಗೆ ನಡುಮನೆಯಲ್ಲಿ ಮಂಚ ಹಾಸಿ, ಕಾಲಿಡಲು ದಿಂಬು ಪೇರಿಸಿ, ಗಂಜಿ ಕಾಯಿಸಿ ಇಟ್ಟಿದ್ದರು. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಅತ್ತೆ ಕೈಯಲ್ಲಿದ್ದ ಗಂಜಿ ಲೋಟ ಕೆಳಗಿಡಲಿಲ್ಲ.

"ಅವಮ್ಮುಂಗೇನ್ ಗೊತ್ತು? ಪ್ಯಾಟೆಯೋಳು. ಕುಡಿ ಸುಮ್ಕೆ."

ಒಂದೆರಡು ದಿನ ಕುಡಿದೆ. ಅಷ್ಟರಲ್ಲಿ ತಲೆ ಸುತ್ತಿ, ಕೈಕಾಲು ಸೋತು, ಮೀಟರಿನಲ್ಲಿ ನೋಡಿದರೆ ಸಕ್ಕರೆ ಏರಿ ಕೂತಿತ್ತು. ಏರದೇ ಇನ್ನೇನು? ಬೆಳಿಗ್ಗೆ ಅನ್ನದ ಗಂಜಿ, ಮಧ್ಯಾಹ್ನ ಅನ್ನದ ಗಂಜಿ, ಮೇಲೆ ಇಡೀ ದಿನ ಮಂಚ. ನಾನು ಹುಣಸೂರು ಕಡೆಯವಳು, ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಮನೆಯಲ್ಲಿ ಹುಟ್ಟಿದವಳು. ಆ ಬಿಸಿ ನನ್ನ ಬಾಯಿಗೂ ಹತ್ತಿದೆ ಎಂದು ಅತ್ತೆಯೇ ಆಡಿಕೊಳ್ಳುತ್ತಿದ್ದರು. ಆದರೆ ಆಗ ಬಾಯಿ ಮಾಡಲಿಲ್ಲ. ಬಚ್ಚಲಲ್ಲಿ ಕುಳಿತು ಪೆನ್ನಿನ ಗೆರೆ ನೋಡಿಕೊಂಡೆ. ಮಾತಿನಲ್ಲಿ ಗೆಲ್ಲುವಷ್ಟು ಸಮಯ ನನ್ನ ಬೆರಳಿಗಿಲ್ಲ ಅನ್ನಿಸಿತು. ಮನೆಯವರನ್ನು ಕರೆದು ಮೆಲ್ಲಗೆ, "ಅಂಗಡಿಯಲ್ಲೇ ಮೊಟ್ಟೆ ಬೇಯಿಸ್ಕೊಂಡು ಬನ್ನಿ, ನಿಮ್ಮವ್ವುಂಗೆ ಗೊತ್ತಾಗಬಾರದು" ಎಂದೆ.

"ಗೊತ್ತಾದ್ರೆ ನಿನ್ ಕಾಲಲ್ಲ, ನನ್ ಕಾಲ್ ಮುರೀತದೆ ಕಣೇ" ಎಂದರು. ಆದರೂ ತಂದರು ಪಾಪ. ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು, ಕದ್ದ ಮಾಲಿನ ಹಾಗೆ. ಕೊಟ್ಟಿಗೆಯಲ್ಲಿ ಎಮ್ಮೆಯ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತು ನಾನು ಗುಳುಂ ಎಂದು ನುಂಗುವುದು, ಅವರು ಬಾಗಿಲಲ್ಲಿ ಕಾವಲು ನಿಂತು ಸುಮ್ಮಸುಮ್ಮನೆ ಕೆಮ್ಮುವುದು. ಈ ವಯಸ್ಸಿನಲ್ಲಿ ಇದೆಂಥ ಕರ್ಮ ಅನ್ನಿಸಿ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಸಿಪ್ಪೆಯನ್ನು ತಿಪ್ಪೆಯಲ್ಲಿ ಹೂತು ಬರುತ್ತಿದ್ದರು.

ಕೈಕಾಲು ಆಡಿಸುವುದನ್ನು ಮಾತ್ರ ಬಚ್ಚಿಡಲಾಗಲಿಲ್ಲ. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ನೀರು ತುಂಬಿದ ಬಾಟಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಇಳಿಸುತ್ತಿದ್ದೆ. ಎಡಗಾಲು ಚಾಚಿ, ಎಣಿಸಿ, ಮಡಚುತ್ತಿದ್ದೆ. ಬೆವರು ಇಳಿಯುತ್ತಿತ್ತು. ನೀರಿಗೆ ಹೋಗುವ ಹೆಂಗಸರು ನಿಂತು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅತ್ತೆ ನಗಲಿಲ್ಲ. "ಮೈಮ್ಯಾಲೆ ಏನಾರ ಬಂದದಾ ನಿಂಗೆ? ಗಾಯ ಆದೋರು ಕಾಲ್ ಅಳ್ಳಾಡಿಸ್ತಾರಾ?" ಎಂದು ಬಾಟಲಿ ಕಿತ್ತುಕೊಳ್ಳಲು ಬರುತ್ತಿದ್ದರು.

ನಮ್ಮನ್ನು ಹಿಡಿದುಕೊಟ್ಟದ್ದು ಕೋಳಿ. ಒಂದು ಬೆಳಿಗ್ಗೆ ತಿಪ್ಪೆ ಕೆದಕಿ ಸಿಪ್ಪೆಯನ್ನೆಲ್ಲ ಅಂಗಳಕ್ಕೆ ಹರಡಿತ್ತು. ಅತ್ತೆ ಒಂದು ಚೂರು ಎತ್ತಿಕೊಂಡು ನನ್ನ ಮುಂದೆ ಬಂದು ನಿಂತರು.

"ನಮ್ ಕೋಳಿ ಇಷ್ಟು ಬೆಳ್ಳಗೆ ಇಕ್ಕಲ್ಲ ಕಣಮ್ಮೀ. ಇದು ಪಾರಂ ಮೊಟ್ಟೆ. ಯಾರ್ ತಿಂದೋರು?"

"ನಾನೇ ತಿಂದೆ. ದಿನಾ ತಿಂತಾ ಇದೀನಿ. ಏನೀಗ?" ಎಂದೆ.

ಬೈಯುತ್ತಾರೆ ಎಂದು ಸೆರಗು ಬಿಗಿದು ಕೂತಿದ್ದೆ. ಅವರು ಜಗಲಿಯ ಮೇಲೆ ಕುಸಿದು ಕುಳಿತರು. ನಮ್ಮ ಮಾವ ನಾನು ಸೊಸೆಯಾಗಿ ಬರುವ ಮೊದಲೇ ತೀರಿಹೋದವರು. ಕಾಲಿನ ಗಾಯದಿಂದ ಹೋದರು ಎನ್ನುವುದಷ್ಟೇ ನನಗೆ ಗೊತ್ತಿತ್ತು. ಉಳಿದದ್ದನ್ನು ಅತ್ತೆ ಅವತ್ತು ಹೇಳಿದರು.

"ಅವರ್ಗೂ ಇಂಗೇ ಕಣಮ್ಮೀ, ಗುದ್ಲಿ ತಗಲಿ ಸಣ್ ಗಾಯ. ಮೀನು ಅಂದ್ರೆ ಪ್ರಾಣ ಅವರ್ಗೆ. ಕಟ್ಟೆ ತಾವ ಮೀನ್ ಸಿಕ್ಕದೆ, ಸಾರ್ ಮಾಡು ಅಂದ್ರು. ಮಾಡಿ ಇಕ್ಕುದ್ನಲ್ಲಾ ಪಾಪಿ! ವಾರದಾಗೆ ಕಾಲು ಕರ್ರಗಾಯ್ತು. ಮೈಸೂರ್ಗೆ ತಕಂಡೋಗಿ ಮಂಡಿಗಂಟ ಕತ್ತರಿಸುದ್ರು. ನನ್ ಕೈಯಾರೆ ನಂಜು ಇಕ್ದೆ. ಆಮ್ಯಾಕೆ ಒಂದ್ ಚೂರು ನಂಜು ಕೊಡ್ಲಿಲ್ಲ ಕಣೇ. ಬರೀ ಗಂಜಿ ಉಯ್ದೆ, ಕಣ್ಣಲ್ ಕಣ್ಣಿಟ್ ನೋಡ್ಕಂಡೆ. ಸೊರಗಿ ಸೊರಗಿ ಕಡ್ಡಿ ಆಗೋದ್ರು. ಉಳೀಲಿಲ್ಲ."

ಕರುಳು ಚುರುಕ್ಕೆಂದಿತು. ಆದರೆ ನಿಜ ಹೇಳುತ್ತೇನೆ, ಅದಕ್ಕಿಂತ ಸಿಟ್ಟೇ ಜಾಸ್ತಿ ಬಂತು. ಅವರ ಭಯಕ್ಕೆ ನನ್ನ ಬೆರಳನ್ನು ಯಾಕೆ ಕೊಡಬೇಕು? "ಅತ್ತೆ, ನಾನು ಮಾವ ಅಲ್ಲ. ನನ್ ಕಾಲು ನನಗೆ ಬೇಕು. ನಾಳೆಯಿಂದ ಇಲ್ಲೇ ಕೂತ್ಕೊಂಡು ತಿಂತೀನಿ" ಎಂದೆ. ಹೇಳಿದ ಹಾಗೆ ತಿಂದೆ. ಅತ್ತೆ ನನ್ನೊಡನೆ ಮಾತು ಬಿಟ್ಟರು. ನಾನು ಊಟಕ್ಕೆ ಕುಳಿತರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಒಂದೇ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಧ್ಯೆ ಸಿಕ್ಕ ನಮ್ಮ ಮನೆಯವರು ಗದ್ದೆಯಿಂದ ಬರುವುದನ್ನೇ ತಡ ಮಾಡತೊಡಗಿದರು.

ಹಾಗಿರುವಾಗ ಒಂದು ಸಂಜೆ ಡ್ರೆಸ್ಸಿಂಗ್ ಬದಲಿಸಲು ಕಾಲಿನ ಪಟ್ಟಿ ಬಿಚ್ಚಿದೆ. ಬೆರಳಿನ ಅಂಚಿನಲ್ಲಿ ಕಪ್ಪು ಪೊರೆ. ಪೆನ್ನಿನ ಗೆರೆಯನ್ನು ಮುಟ್ಟಿಕೊಂಡೇ ನಿಂತಿತ್ತು. ಮುಟ್ಟಿ ನೋಡಿದೆ, ಒತ್ತಿ ನೋಡಿದೆ, ಏನೂ ಗೊತ್ತಾಗುತ್ತಿಲ್ಲ. ನನ್ನದೇ ಕಾಲು, ಬೇರೆ ಯಾರದ್ದೋ ಕಾಲು ಹಿಡಿದುಕೊಂಡ ಹಾಗೆ. ಡಾಕ್ಟರಮ್ಮನ ಬಾಗಿಲು ಆ ಹೊತ್ತಿಗೆ ಮುಚ್ಚಿರುತ್ತದೆ. ಫೋನು ಮಾಡಿದರೆ ಜ್ವರ ಇದೆಯಾ, ವಾಸನೆ ಇದೆಯಾ ಎಂದು ಕೇಳಿ, ಇಲ್ಲ ಅಂದದ್ದಕ್ಕೆ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಬನ್ನಿ ಎಂದರು. ಮುಂದಿದ್ದ ತಟ್ಟೆಯಲ್ಲಿ ಮೊಟ್ಟೆ ಇತ್ತು. ಅಷ್ಟೆಲ್ಲ ಜೋರು ಮಾಡಿದ ನಾನೇ ಆ ತಟ್ಟೆಯನ್ನು ಆಚೆಗೆ ನೂಕಿದೆ. ಹುಟ್ಟಿದಾಗಿನಿಂದ ಕೇಳಿದ ಮಾತು ಎಲ್ಲಿ ಹೋಗುತ್ತದೆ? ನಂಜೇ ಇರಬಹುದು ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. ಹೇಳಲಿಲ್ಲವಾ ನಾನು ಎಂದು ಒಂದು ಮಾತು ಎತ್ತಲಿಲ್ಲ. ಒಳಗೆ ಹೋಗಿ ಗಂಜಿ ತಂದರು. ನಾನು ಕುಡಿದೆ.

ಮಾರನೆಯ ಬೆಳಿಗ್ಗೆ ನಾನೂ ನಮ್ಮ ಮನೆಯವರೂ ಆಟೋದಲ್ಲಿ ಕೆ.ಆರ್. ನಗರಕ್ಕೆ ಹೊರಟೆವು. ಮೈಸೂರಿಗೆ ಬೇಕಾದೀತು ಎಂದು ಎರಡು ಸೀರೆ ಬ್ಯಾಗಿಗೆ ಹಾಕಿಕೊಂಡಿದ್ದೆ. ಡಾಕ್ಟರಮ್ಮ ದೀಪ ಹತ್ತಿರಕ್ಕೆ ಎಳೆದು ಬಗ್ಗಿ ನೋಡಿದರು. ಬ್ಲೇಡು ತೆಗೆದುಕೊಂಡು ಆ ಕಪ್ಪನ್ನು ಅಂಚಿನಿಂದ ಕೆರೆಯುತ್ತಾ ಬಂದರು. ನಾನು ಮನೆಯವರ ಕೈ ಹಿಡಿದು ಕಣ್ಣು ಮುಚ್ಚಿದೆ.

"ಕಣ್ಣು ಬಿಡಿಮ್ಮ. ಇದು ಸತ್ತ ಚರ್ಮ, ಮೇಲ್ಮೇಲೆ ಅಷ್ಟೇ. ಕೆಳಗೆ ನೋಡಿ."

ನೋಡಿದೆ. ಎಳೆಗೂಸಿನ ತುಟಿಯ ಹಾಗೆ ಕೆಂಪಗೆ ಹೊಸ ಮಾಂಸ ಬಂದಿತ್ತು.

"ಚೆನ್ನಾಗಿ ತುಂಬ್ತಾ ಇದೆ. ಬೆರಳು ಉಳೀತು ಬಿಡಿ. ಮಾತ್ರೆ, ಊಟ, ಎಕ್ಸರ್‌ಸೈಜು, ಯಾವುದನ್ನೂ ನಿಲ್ಲಿಸಬೇಡಿ" ಎಂದರು. ನಮ್ಮ ಮನೆಯವರು ಹೊರಗೆ ಬಂದು ಟವೆಲಿನಿಂದ ಮುಖ ಒರೆಸಿಕೊಂಡದ್ದೇ ಒರೆಸಿಕೊಂಡದ್ದು.

ಮನೆಗೆ ಬಂದಾಗ ಅತ್ತೆ ಹೊಸಿಲ ಮೇಲೆ ಕುಳಿತಿದ್ದರು. ಒಲೆ ಹಚ್ಚಿರಲಿಲ್ಲ, ತಲೆ ಬಾಚಿರಲಿಲ್ಲ. ನನಗೋ ಖುಷಿಯೂ ಸಿಟ್ಟೂ ಒಟ್ಟಿಗೆ ಉಕ್ಕುತ್ತಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. "ಬೆರಳು ಉಳೀತು ಅತ್ತೆ! ಮೊಟ್ಟೆ ತಿಂದೂ ಉಳೀತು. ಯಾವ ನಂಜೂ ಇಲ್ಲ, ಗಿಂಜೂ ಇಲ್ಲ. ಮಾವನ ಕಾಲು ಹೋಗಿದ್ದು ಸಕ್ಕರೆ ಕಾಯಿಲೆಯಿಂದ ಇರ್ಬೇಕು, ನಿಮ್ ಮೀನಿಂದಲ್ಲ. ಇನ್ನಾದರೂ ಅದನ್ನ ತಲೆಯಿಂದ ತೆಗೀರಿ" ಎಂದೆ.

ಅತ್ತೆ ನನ್ನ ಕಾಲನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಬ್ಯಾಂಡೇಜಿನ ಮೇಲೆ ಕೈ ಆಡಿಸಿದರು.

"ಮೀನಲ್ವಾ?"

"ಅಲ್ಲ ಅತ್ತೆ."

ಅವರ ಮುಖ ಒಂದು ಗಳಿಗೆ ಹಗುರಾಯಿತು. ಇಷ್ಟು ವರ್ಷ ಆ ಮುಖ ಹಾಗೆ ಇದ್ದದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಏನೋ ನೆನಪಾದವರ ಹಾಗೆ ಕೈ ನಿಂತಿತು.

"ಅಂಗಾರೆ... ಕಾಲ್ ತೆಗ್ದ ಮ್ಯಾಕೆ ದಿನಾ ಕೇಳೋರು ಕಣಮ್ಮೀ. ಮೀನು ಬ್ಯಾಡ ಬುಡು, ಒಂದ್ ಮೊಟ್ಟೆನಾರ ಕೊಡೇ ಅಂತ. ಕೈ ಇಡ್ಕಂಡು ಕೇಳುದ್ರು. ಕೊಡ್ಲಿಲ್ವಲ್ಲಾ ನಾನು. ಗಂಜಿ ಉಯ್ದು ಉಯ್ದೇ ಕಳ್ಸ್ಬುಟ್ನಾ?"

ಹಾಗೇನಿಲ್ಲ ಅತ್ತೆ, ಕಾಯಿಲೆ ಅಷ್ಟು ಬಲಿತ ಮೇಲೆ ಮೊಟ್ಟೆ ಏನು ಮಾಡುತ್ತಿತ್ತು, ಆ ಕಾಲದಲ್ಲಿ ಯಾರಿಗೆ ಏನು ಗೊತ್ತಿತ್ತು, ಎಂದು ಏನೇನೋ ಹೇಳಿದೆ. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ. ನನ್ನ ಕಾಲನ್ನು ಮಾತ್ರ ಕೆಳಗಿಡಲಿಲ್ಲ. ನಮ್ಮ ಮನೆಯವರು ಆಟೋ ಪಕ್ಕದಲ್ಲೇ ನಿಂತಿದ್ದರು. ಅಪ್ಪನ ಆ ಮಾತನ್ನು ಅವರೂ ಮೊದಲ ಸಲ ಕೇಳಿದ್ದು.

ಮಾರನೆಯ ದಿನ ನನ್ನ ತಟ್ಟೆಯಲ್ಲಿ ಅರ್ಧ ಮುದ್ದೆ, ಸೊಪ್ಪಿನ ಸಾರು, ಪಕ್ಕದಲ್ಲಿ ಸಿಪ್ಪೆ ಸುಲಿದ ಎರಡು ಮೊಟ್ಟೆ. ನಮ್ಮ ಕೋಳಿಯವೇ, ಅತ್ತೆಯೇ ಬೇಯಿಸಿದ್ದರು. ಒಂದನ್ನು ಅವರ ಕಡೆಗೆ ಸರಿಸಿ, "ನೀವೂ ತಿನ್ನಿ" ಎಂದೆ.

"ನಂಗ್ ಬ್ಯಾಡ. ನೀನ್ ತಿನ್ನು, ನಾನ್ ನೋಡ್ತೀನಿ" ಎಂದರು.

ಎದುರಿಗೆ ಕುಳಿತು ನನ್ನ ಬಾಯಿಯನ್ನೇ ನೋಡಿದರು. ಎರಡನ್ನೂ ತಿಂದು ಮುಗಿಸುವವರೆಗೂ ಅಲ್ಲಿಂದ ಏಳಲಿಲ್ಲ.