ಕತ್ತರಿಸಿ ಎಸೆದ ಎರಡು ಸಾಲು

ಶಕೀಲಾ, ಕಳ್ಳಿ ನೀನಲ್ಲ — ನಾನು. ಬ್ಯಾಡಗಿಯ ನನ್ನ ಕಸೂತಿ ಕ್ಲಾಸಿನಲ್ಲಿ ಎಲ್ಲರೆದುರು ನಿನಗೆ ಆ ಮಾತು ಅಂದು ಆರು ವರ್ಷವಾಯಿತು. ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೂ ಇವತ್ತು ಬರೆಯಲು ಕೂತರೆ ಕೈ ನಿಲ್ಲುತ್ತಿಲ್ಲ.

ಕ್ಲಾಸಿನಲ್ಲಿ ಕೊಡುತ್ತಿದ್ದ ಆ ನವಿಲಿನ ಕಸೂತಿ ನಕ್ಷೆ ನನ್ನದಲ್ಲ. ರಾಣೆಬೆನ್ನೂರಿನ ಒಬ್ಬ ಟೀಚರ್ ಬರೆದು ನೆಟ್‌ನಲ್ಲಿ ಹಾಕಿದ್ದರು. ನನ್ನ ಮೊಮ್ಮಗಳು ಪ್ರಿಂಟ್ ತೆಗೆದುಕೊಟ್ಟಳು. ಹಾಳೆಯ ಕೆಳಗೆ ಅವರ ಹೆಸರು, ಅದರ ಕೆಳಗೆ ಎರಡು ಸಾಲು: ಯಾರು ಬೇಕಾದರೂ ನಕಲು ಮಾಡಿಕೊಳ್ಳಿ, ಹಂಚಿ, ಬೇಕಿದ್ದರೆ ಮಾರಿ, ನನ್ನ ಹೆಸರೂ ಈ ಮಾತೂ ಹಾಳೆಯ ಮೇಲಿರಲಿ. 'ನಕಲು ಮಾಡಿಕೊಳ್ಳಿ' ಅನ್ನುವವರೆಗೆ ಓದಿ ಅಲ್ಲಿಗೇ ಬಿಟ್ಟೆ. ಇದನ್ನು ಕಂಡರೆ ನನಗೆ ಯಾರು ದುಡ್ಡು ಕೊಡುತ್ತಾರೆ? ಜಂಪರ್ ಕತ್ತರಿಸುವ ಕತ್ತರಿಯಿಂದಲೇ ಆ ಪಟ್ಟಿ ಕತ್ತರಿಸಿದೆ. ಝೆರಾಕ್ಸ್ ಮಾಡಿಸಿ ಹಾಳೆಗೆ ಐವತ್ತು ರೂಪಾಯಿಯಂತೆ ಮಾರಿದೆ. ನಮ್ಮ ಅವ್ವನ ಕಾಲದ್ದು ಅಂತ ಸುಳ್ಳು ಬೇರೆ.

ನಿನ್ನ ಹತ್ತಿರ ಐವತ್ತು ಇರಲಿಲ್ಲ. ಗೆಳತಿಯ ಹಾಳೆ ನೋಡಿ, ಒಂದೊಂದೇ ಚೌಕ ಎಣಿಸಿ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ನಾನು ಆ ಪುಟ ಹರಿದು —

"ಕದ್ದು ಬರಕೊಳ್ಳಾಕತ್ತೀಯೇನ, ಕಳ್ಳಿ?"

"ನೋಡಿ ಬರಕೊಂಡೇನ್ರಿ ಅಮ್ಮಾ. ಎಣಿಸಿದಾಕಿ ನಾನ ಅಲ್ಲೇನ್ರಿ?"

ಮರುದಿನದಿಂದ ನೀನು ಬರಲಿಲ್ಲ. ಹುಡುಗಿಯರು ನಿನ್ನನ್ನು ಅದೇ ಹೆಸರಿನಿಂದ ಕರೆದರು. ನಾನು ಸೂಜಿಗೆ ದಾರ ಪೋಣಿಸುತ್ತ ಕೂತೆ.

ಕಳೆದ ವಾರ ಹಾವೇರಿಯ ಕೈಕೆಲಸದ ಪ್ರದರ್ಶನದಲ್ಲಿ ಒಬ್ಬರು ನಾನು ಮಾರಲಿಟ್ಟ ಹಾಳೆ ಎತ್ತಿಕೊಂಡು, ಇದು ನಾನು ಬರೆದದ್ದು ಅಂದರು. ಅದೇ ಟೀಚರ್! ಬೈಸಿಕೊಳ್ಳಲು ತಯಾರಾದೆ. ಅವರು ನಕ್ಕರು:

"ಮಾರ್ರಿ ಅಮ್ಮಾರ, ನಾ ಎಲ್ಲಿ ಬ್ಯಾಡ ಅಂದೇನಿ? ಅದನ್ನೂ ಬರದೇನಲ್ಲ. ಆದ್ರ ತಗೊಂಡಾಕಿ ನಕಲ್ ಮಾಡಿಕೊಂಡ್ರ ತಡಿಯಾಕ ಬರೂದಿಲ್ಲ. ನನ್ನ ಎರಡು ಸಾಲು ಎಲ್ಲಿ ಹೋದ್ವು?"

ಕತ್ತರಿಸದೆಯೂ ಮಾರಬಹುದಿತ್ತು, ಶಕೀಲಾ! ಪೂರ್ತಿ ಓದಿದ್ದರೆ — ಬೇಡ, ಆ ನೆಪ ಬೇಡ. 'ನಕಲು ಮಾಡಿಕೊಳ್ಳಿ' ಅನ್ನುವುದನ್ನು ಓದಿಯೇ ನಿನ್ನ ಪುಟ ಹರಿದೆ.

ನೀನೀಗ ಹೊಸರಿತ್ತಿಯಲ್ಲಿ ಕಸೂತಿ ಕಲಿಸುತ್ತೀಯಂತೆ! ಕೇಳಿದಾಗಿನಿಂದ ಒಂದೆಡೆ ಕೂತಿಲ್ಲ ನಾನು. ಆ ಎರಡು ಸಾಲಿರುವ ಹಾಳೆಗಳನ್ನು ಮಾಡಿಸಿ ಚೀಲದಲ್ಲಿಟ್ಟಿದ್ದೇನೆ. ಮಂಗಳವಾರ ಮೊದಲ ಬಸ್ಸಿಗೇ ಬರುತ್ತೇನೆ. ಒಳಗೆ ಕರೆದು ಚಹಾ ಕೊಡಬೇಡ. ನಿನ್ನ ಹುಡುಗಿಯರೆಲ್ಲ ಕೂತಿರುವಾಗ ಬಾಗಿಲಲ್ಲೇ ನಿಂತು ಹೇಳುತ್ತೇನೆ — ಅಂದದ್ದು ಎಲ್ಲರೆದುರು, ಹಿಂದಕ್ಕೆ ತೆಗೆದುಕೊಳ್ಳುವುದೂ ಎಲ್ಲರೆದುರೇ.