ಇಳಿಜಾರಿನಲ್ಲಿ ಚೈನು ಬಿಡುವ ಸೈಕಲ್ಲು

ಸೀಟಣ್ಣ ಯಾರನ್ನೇ ಆಗಲಿ ಮೊದಲ ಸಲ ಕಂಡಾಗ ಮುಖ ನೋಡುತ್ತಿರಲಿಲ್ಲ, ಅವರು ಕೂರುವ ರೀತಿ ನೋಡುತ್ತಿದ್ದ. ತಪ್ಪು ತಿಳಿಯಬೇಡಿ, ಅವನ ಕಸುಬೇ ಅದು. ಬೈಕು, ವ್ಯಾನು, ಬಸ್ಸು, ಕಡೆಗೆ ಹಲ್ಲಿನ ಡಾಕ್ಟರ ಕುರ್ಚಿ, ಯಾವುದರ ಸೀಟು ಹರಿದರೂ ಜನ ಬರುತ್ತಿದ್ದದ್ದು ಬಸ್‌ ನಿಲ್ದಾಣದ ತಿರುವಿನಲ್ಲಿದ್ದ ಅವನ ಅಂಗಡಿಗೆ. ಅಂಗಡಿ ಎಂದರೆ ಒಂದೇ ಕೋಣೆ. ಗೋಡೆಗೆ ಒರಗಿಸಿದ ರೆಕ್ಸಿನ್‌ ಸುರುಳಿಗಳು, ಸೂರು ಮುಟ್ಟುವಂತೆ ಪೇರಿಸಿದ ಫೋಮು, ಮೂಗಿಗೆ ಬಡಿಯುವ ಗೋಂದಿನ ವಾಸನೆ. ಹೊಲಿಗೆ ಮುಗಿದ ಮೇಲೆ ಗಿರಾಕಿ ಅದರ ಮೇಲೆ ಕೂತು ತೋರಿಸಲೇಬೇಕು. “ಹೇಗಿದೆ?” ಎಂದು ಕೇಳಿದರೂ ಅವನು ಉತ್ತರವನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೂತವರು ಒಮ್ಮೆ ಅಲ್ಲಾಡಿದರೆ ಮುಗಿಯಿತು. “ಏಳಿ ಏಳಿ” ಎಂದು ಎಬ್ಬಿಸಿ ಮತ್ತೆ ದಬ್ಬಳ ಕೈಗೆತ್ತಿಕೊಳ್ಳುತ್ತಿದ್ದ. ಅವನ ಬಾಮೈದ, ಬಸ್ಸಿನ ಡ್ರೈವರು, ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ: “ನಮ್ಮ ಭಾವನ ಅಂಗಡೀಲಿ ಉಸಿರು ಬಿಗಿಹಿಡಿದು ಕೂತ್ಕೊಳ್ಳಿ. ಕೆಮ್ಮಿದ್ರೋ, ಇನ್ನೊಂದು ವಾರ.”

ಇಂಥವನು ಬೆಟ್ಟದ ಮೇಲಿನ ಊರಿಗೆ ಸೈಕಲ್‌ ಸವಾರಿ ಹೋಗುವ ಏರ್ಪಾಟಿಗೆ ಕೂತರೆ ಏನಾಗುತ್ತದೆ? ಕೂತೇ ಇರುತ್ತಾನೆ, ಇನ್ನೇನು!

ಆಸೆ ಅವನದಾಗಿರಲಿಲ್ಲ, ಹೆಂಡತಿಯದು. ಅವಳು ಟಪಾಲು ಹಂಚುತ್ತಿದ್ದವಳು. ಬೀದಿ ಬೀದಿಗೂ ಪೋಸ್ಟಕ್ಕ ಎಂದೇ ಪರಿಚಿತಳು. ಮದುವೆಗೆ ಮುಂಚೆ ಹಿಡಿದ ಸೈಕಲ್ಲಿನ ಹ್ಯಾಂಡಲನ್ನು ನಿವೃತ್ತಿಯ ದಿನದವರೆಗೂ ಬಿಟ್ಟವಳಲ್ಲ. ಪ್ರತಿ ಗೇಟಿನ ಮುಂದೆಯೂ ಎಡಗಾಲೂರಿ ನಿಂತು, ಕಾಗದ ಕೊಟ್ಟು, ಮತ್ತೆ ತುಳಿದು, ಮುಂದಿನ ಗೇಟಿನಲ್ಲಿ ಮತ್ತೆ ಎಡಗಾಲೂರಿ, ಹೀಗೆ ಒಂದು ಆಯುಷ್ಯವೇ ಕಳೆದಿತ್ತು. ಆ ಎಡಮಂಡಿ ಈಗ ಸವೆದು ಹೋಗಿತ್ತು. ಮಳೆಗಾಲದಲ್ಲಿ ಆಪರೇಷನ್‌ ಮಾಡೋಣ, ಆಮೇಲೆ ಬೆಟ್ಟಗುಡ್ಡದ ಮಾತೇ ಬೇಡ ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು.

“ರೀ, ಪೋಸ್ಟಕ್ಕ ಜೀವಮಾನವೆಲ್ಲ ಸೈಕಲ್‌ ಓಡಿಸಿದ್ಳು ಅಂತಾರೆ ಜನ,” ಎಂದಳು ಆ ದಿನ ಮನೆಗೆ ಬಂದು. “ಎಲ್ಲಿ ಓಡಿಸಿದೆ? ಈ ಗೇಟಿಂದ ಆ ಗೇಟಿಗೆ. ಮಂಡಿ ಪೂರ್ತಿ ಕೈಕೊಡೋ ಮುಂಚೆ ಒಂದೇ ಒಂದ್ಸಲ, ಯಾರ ಮನೆ ಮುಂದೆಯೂ ಕಾಲೂರದೆ, ಮೇಲಿಂದ ಕೆಳಗಿನವರೆಗೆ ಹೋಗ್ಬೇಕು ನನಗೆ. ಇಬ್ಬರೂ ಹೋಗೋಣ.”

ಅದಕ್ಕೆ ತಕ್ಕ ಜಾಗವನ್ನು ಅವಳ ತಮ್ಮ, ಆ ಡ್ರೈವರನೇ ಹೇಳಿದ್ದ. ಅವನ ಬಸ್ಸು ಹೋಗುವುದೇ ಆ ಬೆಟ್ಟದೂರಿಗೆ. ಬೇಸಿಗೆಯಲ್ಲಿ ದುಡ್ಡಿದ್ದವರು ತಂಪು ಹುಡುಕಿಕೊಂಡು ಬರುವ, ಹೋಟೆಲಿನ ಕಿಟಕಿಯೊಳಗೆ ಮೋಡ ನುಗ್ಗುವ ಊರು. ಅಲ್ಲಿ ದಪ್ಪ ಚಕ್ರದ ಸೈಕಲ್ಲುಗಳನ್ನು ಬಾಡಿಗೆಗೆ ಕೊಟ್ಟು, ವ್ಯಾನಿನಲ್ಲಿ ಹೇರಿ, ಬೆಟ್ಟದ ನೆತ್ತಿಗೆ ಒಯ್ದು ಬಿಡುತ್ತಾರಂತೆ. ಅಲ್ಲಿಂದ ಕಾಡಿನ ನಡುವೆ ಕೆಳಗಿನ ಕೆರೆಯವರೆಗೂ ಬರೀ ಇಳಿಜಾರು. ಮಳೆ ಹಿಡಿದರೆ ಆ ದಾರಿ ಮುಚ್ಚುತ್ತಾರೆ.

ಬರೀ ಇಳಿಜಾರು ಎಂದು ಕೇಳಿದಾಗ ಸೀಟಣ್ಣನ ಎದೆ ಧಸಕ್ಕೆಂದಿತು. ಆದರೂ ಹಲ್ಲು ಕಿರಿದು, “ಅದಕ್ಕೇನಂತೆ, ಹೋಗೋಣ” ಎಂದುಬಿಟ್ಟ.

ಅವನಿಗೆ ಸೈಕಲ್ಲಿನಲ್ಲಿ ಇಳಿಜಾರು ಎಂದರೆ ಪ್ರಾಣಭಯ. ಹುಡುಗಾಟದ ವಯಸ್ಸಿನಲ್ಲಿ ಒಮ್ಮೆ ಇಳಿಜಾರಿನಲ್ಲಿ ಬ್ರೇಕಿನ ತಂತಿ ಕಿತ್ತು ಬಂದು, ಸೈಕಲ್‌ ಸಮೇತ ಒಂದು ಸೋಫಾ ಅಂಗಡಿಗೆ ನುಗ್ಗಿದ್ದ. ಸೋಫಾ ಇದ್ದದ್ದಕ್ಕೆ ಜೀವ ಉಳಿಯಿತು, ಸೋಫಾದ ಜೀವ ಹೋಯಿತು. ಹರಿದದ್ದನ್ನು ನೀನೇ ಹೊಲಿ ಎಂದು ಅಂಗಡಿಯವನು ಕೈಗೆ ದಬ್ಬಳ ಕೊಟ್ಟ. ಹಾಗೆ ಹಿಡಿದದ್ದೇ ಕಸುಬಾಯಿತು. ಸೋಫಾ ಅಂಗಡಿಯಲ್ಲಿ ಕೆಲಸ ಕಲಿತೆ ಎಂದು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದ, ಒಳಗೆ ಹೋದದ್ದು ಹೇಗೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಅಂದಿನಿಂದ ರಸ್ತೆ ಸ್ವಲ್ಪ ತಗ್ಗಾದರೂ ಸಾಕು, ಇಳಿದು ಸೈಕಲ್‌ ತಳ್ಳುತ್ತಿದ್ದ. ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು: “ಚೈನು ಬಿಟ್ಟಿತು.”

ಪೋಸ್ಟಕ್ಕನ ತಯಾರಿ ಒಂದೇ ಸಂಜೆಯಲ್ಲಿ ಮುಗಿಯಿತು. ತಮ್ಮನ ಬಸ್ಸು, ಅವನಿಗೆ ಗೊತ್ತಿದ್ದವರ ವಸತಿಗೃಹದಲ್ಲಿ ಒಂದು ರೂಮು, ಇಬ್ಬರಿಗೂ ಸ್ವೆಟರು. ಸೀಟಣ್ಣನ ತಯಾರಿ ಮಾತ್ರ ಸೀಟಿನಲ್ಲೇ ಸಿಕ್ಕಿಕೊಂಡಿತು. ಪೇಟೆಯ ಸೈಕಲ್‌ ಅಂಗಡಿಗೆ ಹೋಗಿ ಬೆಟ್ಟದ ಸೈಕಲ್ಲು ಹೇಗಿರುತ್ತದೆಂದು ನೋಡಿ ಬಂದವನು ಮೂಗು ಮುರಿದ.

“ಅದು ಸೀಟಲ್ಲ ಕಣೇ, ಶಿಕ್ಷೆ! ಅಂಗೈಯಗಲ ಇಲ್ಲ. ಅಷ್ಟು ದೂರ ಅದರ ಮೇಲೆ ಕೂತು ಬಂದ್ರೆ ಮಂಡಿ ಜೊತೆ ಸೊಂಟವನ್ನೂ ಆಪರೇಷನ್‌ಗೆ ಕೊಡ್ಬೇಕಾಗುತ್ತೆ. ನಾನೇ ಹೊಲೀತೀನಿ ಇರು.”

ಮೊದಲು ಹೊಲಿದದ್ದು ಎಷ್ಟು ದಪ್ಪವಾಯಿತೆಂದರೆ ಹತ್ತಿ ಕೂತರೆ ಪೆಡಲು ಕಾಲಿಗೆ ಎಟುಕಲಿಲ್ಲ. ಎರಡನೆಯದು ಮೆತ್ತಗಾಯಿತು. ಇನ್ನೊಂದರ ಮೂತಿ ಸರಿಯಿಲ್ಲ ಎಂದು ತಾನೇ ಬಿಚ್ಚಿದ. ಅವಳಿಗೆ ಆರಾಮವಾಗಲಿ ಎಂಬ ಆಸೆ ಸುಳ್ಳಾಗಿರಲಿಲ್ಲ, ಪಾಪ. ಆದರೆ ಬಿಚ್ಚಿದ ಪ್ರತಿ ಹೊಲಿಗೆಗೂ ಇಳಿಜಾರು ಇನ್ನಷ್ಟು ದೂರ ಹೋಗುತ್ತದೆ ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಮೀನ ಮೇಷ ಎಣಿಸುತ್ತಿದ್ದಂತೆ ಬೇಸಿಗೆ ಕಳೆಯುತ್ತ ಬಂತು. ಬಾಮೈದ ತಿರುವಿನಲ್ಲಿ ಬಸ್ಸು ನಿಧಾನ ಮಾಡಿ, ಪ್ರಯಾಣಿಕರೆಲ್ಲ ಕೇಳುವಂತೆ ಕೂಗುತ್ತಿದ್ದ: “ಭಾವಾ, ಸೀಟು ಮುಗೀತಾ, ಇಲ್ಲ ಮರಿ ಹಾಕ್ತಾ?”

“ನೀನು ರಸ್ತೆ ನೋಡ್ಕೊಂಡು ಓಡ್ಸೋ!” ಎಂದು ಇವನು ದಬ್ಬಳ ಆಡಿಸುತ್ತಿದ್ದ.

ಒಂದು ಮಧ್ಯಾಹ್ನ ಪೋಸ್ಟಕ್ಕ ಊಟದ ಡಬ್ಬಿ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಳು. ಹೊರಗೆ ಮೋಡ ಕವಿದಿತ್ತು. ಒಳಗೆ ಸೀಟಣ್ಣ ತಲೆ ತಗ್ಗಿಸಿ, ಹಿಂದಿನ ದಿನವಷ್ಟೇ ಮುಗಿಸಿದ್ದ ಸೀಟಿನ ಹೊಲಿಗೆಯನ್ನು ಕತ್ತರಿಸುತ್ತಿದ್ದ. ಅವಳು ಡಬ್ಬಿ ಕೆಳಗಿಟ್ಟಳು.

“ನಿನ್ನೆ ಅದರ ಮೇಲೆ ನನ್ನ ಕೂರಿಸಿ ನೋಡಿದ್ರಿ. ನಾನು ಅಲ್ಲಾಡಿದ್ನಾ?”

“ಇಲ್ಲ.”

“ಒಂದು ಚೂರಾದ್ರೂ?”

“ಇಲ್ಲ.”

“ಮತ್ತೆ?”

ಸೀಟಣ್ಣ ನೆವ ಹುಡುಕಿದ, ಒಂದೂ ಸಿಗಲಿಲ್ಲ. ಅವಳು ಸಿಟ್ಟು ಮಾಡಿದ್ದರೆ ಅವನೂ ದನಿ ಏರಿಸಿ ಪಾರಾಗುತ್ತಿದ್ದ. ಅವಳು ಸಿಟ್ಟು ಮಾಡಲಿಲ್ಲ.

“ನಾಳಿದ್ದು ತಮ್ಮನ ಬಸ್ಸಿಗೆ ನಾನು ಹೋಗ್ತೀನಿ. ನಿಮ್ಮ ಹೊಲಿಗೆ ಮುಗೀಲಿ ಅಂತ ಮಳೆ ಕಾಯಲ್ಲ. ಬರೋ ಹಾಗಿದ್ರೆ ಬನ್ನಿ,” ಎಂದು ಮೆಟ್ಟಿಲಿಳಿದು ಹೋದಳು. ಎಡಗಾಲನ್ನು ಎಳೆದೆಳೆದು ಇಡುತ್ತ ರಸ್ತೆ ದಾಟಿದಳು. ನೋಡುತ್ತ ನಿಂತ ಸೀಟಣ್ಣನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಕತ್ತರಿಸಿದ್ದನ್ನು ಮತ್ತೆ ಹೊಲಿಯಲು ಕೂತ, ಮುಗಿಸಿಯೇ ಎದ್ದ.

ಹೇಳಿದ ದಿನ ಬಸ್ಸಿನಲ್ಲಿ ಅವಳ ಪಕ್ಕ ಅವನೂ ಕೂತಿದ್ದ, ತೊಡೆಯ ಮೇಲೆ ಸೀಟಿನ ಚೀಲ. ರಸ್ತೆ ಮೇಲೇರಿದಂತೆಲ್ಲ ಕಿವಿ ಗುಂಯ್ಗುಟ್ಟಿತು, ಗಾಳಿ ತಣ್ಣಗಾಯಿತು, ಪೋಸ್ಟಕ್ಕನ ಮುಖ ಅರಳಿತು. ಸೀಟಣ್ಣ ಮಾತ್ರ ಕಿಟಕಿಯ ಕಡೆ ತಿರುಗಲೇ ಇಲ್ಲ. ಎಷ್ಟು ಹತ್ತಿದರೆ ಅಷ್ಟೇ ಇಳಿಯಬೇಕಲ್ಲ ಎಂಬ ಲೆಕ್ಕ ಅವನ ಹೊಟ್ಟೆಯೊಳಗೆ ನಡೆಯುತ್ತಿತ್ತು.

ಮರುದಿನ ಬೆಟ್ಟದ ನೆತ್ತಿಯಲ್ಲಿ ವ್ಯಾನಿನಿಂದ ಸೈಕಲ್ಲುಗಳನ್ನು ಇಳಿಸಿದ್ದು ಒಬ್ಬ ಗೈಡ್‌ ಹುಡುಗಿ. ಬಾಮೈದ ಅವತ್ತಿನ ಮಟ್ಟಿಗೆ ಬಸ್ಸನ್ನು ಬೇರೆಯವರಿಗೆ ಒಪ್ಪಿಸಿ, ಭಾವನ ಪರಾಕ್ರಮ ನೋಡಲೆಂದೇ ಬಂದಿದ್ದ. ಸೀಟಣ್ಣ ಗಂಭೀರವಾಗಿ ಚೀಲದಿಂದ ಸೀಟು ತೆಗೆದ. ಹುಡುಗಿ ಅದನ್ನು ಕೈಗೆ ತೆಗೆದುಕೊಂಡು, ಒತ್ತಿ, ಸವರಿ ನೋಡಿದಳು.

“ಎಷ್ಟು ಚೆನ್ನಾಗಿದೆ ಅಂಕಲ್! ಆದ್ರೆ ಇದು ಬೇಡ.”

“ಯಾಕಮ್ಮ?”

“ಈ ಇಳಿಜಾರಲ್ಲಿ ಯಾರೂ ಕೂರಲ್ಲ.” ಅವಳು ಸೈಕಲ್ಲಿನ ಸೀಟನ್ನು ಕಂಬಿಯ ಬುಡದವರೆಗೂ ತಗ್ಗಿಸಿಬಿಟ್ಟಳು. “ಪೆಡಲ್‌ ಮೇಲೆ ಎದ್ದು ನಿಂತ್ಕೊಂಡೇ ಬರ್ಬೇಕು. ಕೂತ್ರೆ ಎತ್ತಿ ಹಾಕುತ್ತೆ.”

ಬಾಮೈದ ಹೊಟ್ಟೆ ಹಿಡಿದುಕೊಂಡು ವ್ಯಾನಿನ ಮೆಟ್ಟಿಲ ಮೇಲೆ ಕುಸಿದ. ಬೇಸಿಗೆಯಿಡೀ ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದವನ ಮುಖ ನೋಡಬೇಕಿತ್ತು!

“ಕೂರೋ ಹಾಗಿಲ್ಲ ಅಂದ ಮೇಲೆ ಸೀಟು ಯಾಕ್ರೀ ಇಟ್ಟಿದ್ದೀರಿ ಇದಕ್ಕೆ?” ಎಂದು ಸೀಟಣ್ಣ ಹರಿಹಾಯ್ದ. ಆಮೇಲೆ ಕಾಡಿನೊಳಗೆ ಧುಮುಕುವ ದಾರಿಯ ಬಾಯಿ ನೋಡಿದ. ಹೆಂಡತಿಯ ಹತ್ತಿರ ಸರಿದು, ಬಾಮೈದನಿಗೆ ಕೇಳದ ಹಾಗೆ ಅಂದ: “ನನ್ನ ಕೈಲಿ ಆಗಲ್ಲ ಕಣೇ. ನನಗೆ ಇಳಿಜಾರು ಅಂದ್ರೆ ಭಯ.”

“ಗೊತ್ತು,” ಎಂದಳು ಅವಳು, ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ.

“ಗೊತ್ತಾ? ಯಾವಾಗಿಂದ?”

“ಮದುವೆಯಾದ ವಾರದಿಂದ. ಇಳಿಜಾರಲ್ಲಿ ಮಾತ್ರ ಚೈನು ಬಿಡೋ ಸೈಕಲ್ಲು ಯಾರ ಮನೇಲಿದೆ ರೀ?”

“ಮತ್ತೆ ನನ್ನ ಯಾಕೆ ಕರ್ಕೊಂಡು ಬಂದೆ?”

ಅವಳು ಪಟ್ಟಿ ಸರಿಯಾಗಿದ್ದರೂ ಮತ್ತೊಮ್ಮೆ ಬಿಗಿದಳು. “ಇಷ್ಟು ವರ್ಷ ಎಲ್ಲರ ಬಾಗಿಲಲ್ಲೂ ಜನ ನಿಂತಿರ್ತಿದ್ರು. ಪೋಸ್ಟಕ್ಕ ಬಂದ್ಳು, ಬಂದ್ಳು ಅಂತ. ಅವರು ಕಾಯ್ತಿದ್ದದ್ದು ಕಾಗದಕ್ಕೆ. ಕೈಯಲ್ಲಿ ಏನೂ ಇಲ್ಲದೆ ಬಂದಾಗಲೂ ನನಗೋಸ್ಕರ ಒಬ್ಬರು ನಿಂತಿರಲಿ ಅನ್ನಿಸ್ತು. ನೀವು ವ್ಯಾನಲ್ಲೇ ಇಳೀರಿ. ಆದ್ರೆ ಕೆಳಗೆ, ಕೆರೆ ಹತ್ತಿರ, ನಾನು ಬರುವಾಗ ನಿಂತಿರಿ. ಅಷ್ಟು ಸಾಕು.”

ಸೀಟಣ್ಣ ತಲೆಯಾಡಿಸಿದ. ಬಾಮೈದನ ಜೊತೆ ವ್ಯಾನು ಹತ್ತಿ ಕಣ್ಣು ಮುಚ್ಚಿ ಕೂತ.

ಕೆರೆಯ ಬಳಿ ಇಳಿದ ಮೇಲೆ ಅವನ ಕಸುಬಿನ ಬುದ್ಧಿ ಮತ್ತೆ ಎದ್ದಿತು. ಅವಳು ಇಳಿದ ಕೂಡಲೇ ಕೂರಬೇಕಲ್ಲ, ಮಂಡಿ ನೋಯುತ್ತಿರುತ್ತದೆ. ಸೀಟು ಹಾಕಲು ಸಮತಟ್ಟಾದ ಕಲ್ಲು ಹುಡುಕಿದ. ಕೆರೆಯ ದಂಡೆಯ ಕಲ್ಲೊಂದೂ ಅವನಿಗೆ ಹಿಡಿಸಲಿಲ್ಲ. ಒಂದು ವಾಲಿತ್ತು, ಒಂದು ಚೂಪು. ಹುಡುಕುತ್ತ ದಾರಿಯ ತಿರುವಿನವರೆಗೂ ಹತ್ತಿಬಿಟ್ಟ. ಹತ್ತುವುದಕ್ಕೆ ಅವನಿಗೆಂದೂ ಭಯವಿರಲಿಲ್ಲ. ಅಲ್ಲೊಂದು ಕಲ್ಲು ಮಾಡಿಸಿಟ್ಟಂತೆ ಸಿಕ್ಕಿತು. ಸೀಟು ಹಾಸಿ, ತಾನೇ ಕೂತು ನೋಡಿ, ಅಲ್ಲಾಡದೆ ತೃಪ್ತನಾಗಿ ಎದ್ದು ನಿಂತ.

ಆಗ ಮೇಲಿನಿಂದ ನಗು ಕೇಳಿತು. ಆ ನಗು ಯಾರದೆಂದು ಅವನಿಗೆ ಮೊದಲು ಗೊತ್ತೇ ಆಗಲಿಲ್ಲ. ಮರಗಳ ನಡುವಿನಿಂದ ಪೋಸ್ಟಕ್ಕ ಪೆಡಲಿನ ಮೇಲೆ ಎದ್ದು ನಿಂತು ಬರುತ್ತಿದ್ದಳು, ಹೆಲ್ಮೆಟ್ಟಿನಿಂದ ಹೊರಬಿದ್ದ ನರೆಗೂದಲು ಹಾರುತ್ತಿತ್ತು. ಅವನು ಎರಡೂ ಕೈ ಬೀಸಿ ಸೀಟು ತೋರಿಸಿದ.

“ದಾರಿ ಬಿಡ್ರೀ!” ಎಂದು ಕಿರುಚಿ ಅವಳು ಅವನ ಮೂಗಿನ ಮುಂದೆಯೇ ಹಾದು ಹೋದಳು. ಕಾಲೂರುವುದಿರಲಿ, ಬ್ರೇಕನ್ನೂ ಮುಟ್ಟಲಿಲ್ಲ.

ಸೀಟಣ್ಣನಿಗೆ ಆಗ ಹೊಳೆಯಿತು. ಎಲ್ಲೂ ನಿಲ್ಲಬಾರದು ಎಂದೇ ಬಂದವಳು ಅವಳು. ಅವಳು ಕೇಳಿದ್ದು ಕೆಳಗೆ ನಿಂತಿರಿ ಎಂದು. ಕೆಳಗೆ ಯಾರಿದ್ದಾರೆ? ಒಬ್ಬರೂ ಇಲ್ಲ! ಬಾಮೈದ ವ್ಯಾನಿನೊಳಗೆ ಗೊರಕೆ ಹೊಡೆಯುತ್ತಿದ್ದ. ಕೇಳಿದ್ದು ಅಷ್ಟೇ ಅಷ್ಟು, ಅದೂ ತಪ್ಪಿಹೋಯಿತಲ್ಲ! ಸೀಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬೇರು, ಕಲ್ಲು, ಜಾರುವ ಮಣ್ಣು ಒಂದನ್ನೂ ನೋಡದೆ ಬಿದ್ದಂಬೀಳ ಓಡಿದ.

ಕೆರೆಯ ಹತ್ತಿರ ಪೋಸ್ಟಕ್ಕ ಸೈಕಲ್‌ ನಿಲ್ಲಿಸಿ, ಬಲಗಾಲೂರಿ, ಆ ಕಡೆ ಈ ಕಡೆ ನೋಡುತ್ತಿದ್ದಳು. ನಗು ಮುಖದಿಂದ ಜಾರತೊಡಗಿತ್ತು.

“ಬಂದೆ! ಬಂದೆ ಕಣೇ!” ಎಂದು ಸೀಟಣ್ಣ ಏದುಸಿರು ಬಿಡುತ್ತ ಮುಂದೆ ಬಂದು ನಿಂತ. ಒಂದು ಚಪ್ಪಲಿ ಎಲ್ಲೋ ಹೋಗಿತ್ತು, ಮಂಡಿ ತರಚಿತ್ತು.

ಅವಳು ಅವನನ್ನು ನೋಡಿದಳು. ಆಮೇಲೆ ಅವನ ಹಿಂದಿನ ದಾರಿಯನ್ನು ನೋಡಿದಳು. “ಅಲ್ಲಿಂದ ಓಡಿ ಬಂದ್ರಾ?”

ಸೀಟಣ್ಣ ತಿರುಗಿ ನೋಡಿದ. ಗೋಡೆಯ ಹಾಗೆ ಎದ್ದು ನಿಂತಿತ್ತು ಇಳಿಜಾರು.

“ಹ್ಞೂಂ. ಈ ಸಲ ಚೈನು ಬಿಡಲಿಲ್ಲ.”

ಪೋಸ್ಟಕ್ಕ ನಕ್ಕಳು, ಕಣ್ಣು ಒರೆಸಿಕೊಂಡಳು. ಅವನು ವಾಲಿದ ಕಲ್ಲಿನ ಮೇಲೆಯೇ ಸೀಟು ಹಾಕಿ, ಅದು ಜಾರದಂತೆ ಕೈಯಿಂದ ಒತ್ತಿ ಹಿಡಿದ. ಅವಳು ಕೂತಳು, ಅಲ್ಲಾಡಲಿಲ್ಲ. ಹೇಗಿದೆ ಎಂದು ಕೇಳಲು ಸೀಟಣ್ಣ ಮರೆತೇಬಿಟ್ಟ.