ಬಟ್ಟೆ ಸೀಟಿನ ಕಾರು

ಸಂಪದಾ ಕುಲಕರ್ಣಿಯ ಬಗ್ಗೆ ಬರೆಯಬೇಕೆಂದರೆ ಮೊದಲು ಬಸ್ಸಿನ ಬಗ್ಗೆ ಬರೆಯಬೇಕು. ಬೆಳಿಗ್ಗೆ ಏಳಕ್ಕೆ ಇಂಡಿ ಬಿಡುವ ಸಿಂದಗಿ ಬಸ್ಸು, ಡ್ರೈವರನ ಹಿಂದಿನ ಎರಡನೆಯ ಸೀಟು, ಕಿಟಕಿಯ ಕಡೆ ನಾನು, ಪಕ್ಕದಲ್ಲಿ ಅವಳು. ಮೂರು ವರ್ಷ ಹೀಗೇ ನಡೆಯಿತು. ನಾನು ವಿದ್ಯಾವತಿ, ಸಿಂದಗಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ, ನಿವೃತ್ತಿಗೆ ಇನ್ನೆರಡು ವರ್ಷ. ಅವಳು ಅದೇ ಶಾಲೆಯ ಗಣಿತದ ಟೀಚರು, ಮೂವತ್ತಮೂರರ ಹುಡುಗಿ. ಆ ಬಸ್ಸಿನಲ್ಲಿ ನನ್ನ ಸೊಂಟ ಹೋಯಿತು. ಅವಳದು ಹೋದದ್ದೇ ಬೇರೆ.

ಅದನ್ನು ಬಿಡಿಸಿ ಹೇಳುತ್ತೇನೆ. ಏಳರ ಬಸ್ಸು ಬಿಟ್ಟರೆ ಮುಂದಿನದು ಎಂಟೂವರೆಗೆ. ಅದು ಸಿಂದಗಿ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು, ಹಾಜರಿ ಪುಸ್ತಕ ಹೆಡ್‌ಮಾಸ್ತರರ ಕಪಾಟು ಸೇರಿರುತ್ತದೆ. ಆದ್ದರಿಂದ ಏಳರ ಬಸ್ಸೇ ಗತಿ. ಅವಳ ಮಗ ಹೃಷೀಕೇಶ, ಆಗ ಒಂದು ವರ್ಷದ ಕೂಸು, ಏಳುವುದು ಏಳೂವರೆಗೆ. ಸಂಜೆಯ ಬಸ್ಸು ಆರರ ನಂತರವೇ, ಅವಳು ಮನೆ ಸೇರುವಾಗ ಎಂಟು ದಾಟಿರುತ್ತದೆ, ಅಷ್ಟರಲ್ಲಿ ಅವನು ಮಲಗಿರುತ್ತಾನೆ. ಮಗ ಕಣ್ಣು ಬಿಟ್ಟದ್ದನ್ನು ನೋಡಬೇಕೆಂದರೆ ರವಿವಾರ ಬರಬೇಕು. ಆರು ವರ್ಷದ ಮಗಳು ಗೌತಮಿಯದೂ ಹೀಗೇ ಆಗಿತ್ತು, ಆದರೆ ಅವಳು ಮಾತು ಬಲ್ಲವಳು, ಜಗಳವಾಡಿಯಾದರೂ ತನ್ನ ಪಾಲು ವಸೂಲಿ ಮಾಡುತ್ತಿದ್ದಳು.

ಒಂದು ದಿನ ಬಸ್ಸಿನಲ್ಲಿ ಸಂಪದಾ ತಣ್ಣಗೆ ಹೇಳಿದಳು: "ಅಕ್ಕಾರ, ನಿನ್ನೆ ಹೃಷಿ ನಮ್ಮ ಅತ್ತಿಯವ್ರಿಗೆ ಆಯಿ ಅಂದ."

ಅವರ ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಆಯಿ ಎಂದರೆ ಅವ್ವ. "ನಿನಗೇನಂದ?" ಎಂದು ಕೇಳಿದೆ.

"ನನಗೇನೂ ಅನ್ನಲಿಲ್ರೀ. ನೋಡಿದ, ಅಷ್ಟ."

ಕಾರಿನ ಮಾತು ಹುಟ್ಟಿದ್ದು ಅಲ್ಲಿಂದ. ಕಾರಿದ್ದರೆ ಎಂಟೂ ಮುಕ್ಕಾಲಿಗೆ ಬಿಟ್ಟರೆ ಸಾಕು. ಮಗ ಎದ್ದ ಮೇಲೆ ಒಂದು ತಾಸು ಸಿಗುತ್ತದೆ, ತನ್ನ ಕೈಯಾರೆ ತುಪ್ಪದನ್ನ ಉಣಿಸಿ ಬರಬಹುದು. ಅವಳಿಗೆ ಬೇಕಾದದ್ದು ಆ ಒಂದು ತಾಸು. ಉಳಿದವರೆಲ್ಲ ಅದನ್ನು ಮರೆತು ಕಾರೊಂದನ್ನೇ ನೆನಪಿಟ್ಟುಕೊಂಡರು.

ದುಡ್ಡಿನ ತಾಪತ್ರಯ ಅವರಿಗಿರಲಿಲ್ಲ. ಸಾಲೋಟಗಿಯಲ್ಲಿ ನಿಂಬೆ ತೋಟ, ಇಂಡಿಯಲ್ಲಿ ಗಂಡ ಸುಧೀರನ ಮೆಡಿಕಲ್ ಅಂಗಡಿ. "ತಗೊಂಡ್ರ ಛಲೋದ ತಗೊಳ್ಳೋಣು" ಎಂದ ಸುಧೀರ. ಅವಳಿಗೂ ಆಸೆಯಿತ್ತು, ಸುಳ್ಳೇಕೆ ಹೇಳಲಿ. "ಎರಡು ವರ್ಷ ಈ ತಗಡಿನಾಗ ಬೆನ್ನು ಮುರಕೊಂಡೇನಿ ಅಕ್ಕಾರ, ಒಮ್ಮಿಯರೆ ಮೆತ್ತಗ ಕೂಡ್ತೇನಿ" ಎಂದಳು. ಗೇರ್ ಕಲಿತಳು, ಲೈಸೆನ್ಸ್ ತೆಗೆಸಿದಳು. ದೊಡ್ಡ ಗಾಡಿ ಅವರ ಓಣಿಯಲ್ಲಿ ತಿರುಗುವುದಿಲ್ಲ, ತಗ್ಗಿನ ಗಾಡಿ ಸಾಲೋಟಗಿಯ ತೋಟದ ದಾರಿಯಲ್ಲಿ ಹೊಟ್ಟೆ ಒರೆಸಿಕೊಳ್ಳುತ್ತದೆ. ಹೀಗಾಗಿ ಸಣ್ಣ ಎಸ್‌ಯುವಿ, ಆದರೆ ಒಳಗೆ ಐಷಾರಾಮ ಇರಬೇಕು ಎಂದು ಗಂಡ ಹೆಂಡತಿ ಒಪ್ಪಿದರು.

ಆಮೇಲೆ ಏಳು ತಿಂಗಳು ಆ ಕಾರಿನ ಪುರಾಣ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು. ರವಿವಾರ ಬಂತೆಂದರೆ ಸೊಲ್ಲಾಪುರ, ಇಲ್ಲದಿದ್ದರೆ ಕಲಬುರ್ಗಿ, ಒಮ್ಮೆ ಹುಬ್ಬಳ್ಳಿ. ಸುಧೀರ ನೋಡುತ್ತಿದ್ದದ್ದು ಹಾಡಿನ ಪೆಟ್ಟಿಗೆ, ಸನ್‌ರೂಫ್ ಎನ್ನುವ ಮಾಡಿನ ಗಾಜು. ಇವಳು ಪರ್ಸಿನಿಂದ ಟೇಪು ತೆಗೆದು ಅಳೆಯುತ್ತಿದ್ದಳು. ಕೂಸಿನ ಕುರ್ಚಿ ಬಿಗಿಯುವ ಕೊಂಡಿ ಇದೆಯೋ ಇಲ್ಲವೋ, ಹಿಂದೆ ಗಾಳಿ ಬರುತ್ತದೋ ಇಲ್ಲವೋ, ಮೊಳಕಾಲು ನೋವಿನ ಅತ್ತೆ ಕಚ್ಚೆ ಸೀರೆಯಲ್ಲಿ ಹತ್ತಲು ಮೆಟ್ಟಿಲು ಎಷ್ಟು ಎತ್ತರ. ಶೋರೂಮಿನ ಹುಡುಗರು ಇವಳನ್ನು ಕಂಡರೆ ನೀರು ಕುಡಿಯಲು ಓಡುತ್ತಿದ್ದರಂತೆ. ಸೋಮವಾರ ಬಸ್ಸಿನಲ್ಲಿ ಆ ಅಳತೆಗಳನ್ನೆಲ್ಲ ನನಗೆ ಒಪ್ಪಿಸುತ್ತಿದ್ದಳು. "ಅವ್ವಾ ತಾಯಿ, ಯಾವುದಾರ ಒಂದು ತಗೊಂಡು ಪುಣ್ಯಾ ಕಟ್ಕೋ" ಎಂದು ನಾನು ಕೈ ಮುಗಿದಿದ್ದೇನೆ.

ಕೊನೆಗೂ ಒಂದು ಮನಸ್ಸಿಗೆ ಬಂತು, ಬೂದು ಬಣ್ಣದ್ದು. ಎಲ್ಲ ಅಳತೆಯೂ ಕೂಡಿತು. ಮುಂಗಡ ಕೊಡುವ ಮೊದಲು ಸೀಟಿನ ಮೇಲೆ ಕೈಯಾಡಿಸಿ, "ಇದು ಎದರದು?" ಎಂದು ಕೇಳಿದಳು. "ಲೆದರ್ ಮೇಡಮ್, ಒಳ್ಳೇ ಲೆದರ್" ಎಂದ ಹುಡುಗ, ಹೆಮ್ಮೆಯಿಂದ.

ಇಲ್ಲಿ ಅವಳ ಅತ್ತೆ ಭಾಗೀರಥೀಬಾಯಿಯವರ ವಿಷಯ ಹೇಳಬೇಕು. ಎಪ್ಪತ್ತನಾಲ್ಕು ವಯಸ್ಸು, ಕಟ್ಟಾ ಮಡಿ. ಗಂಡ ಇದ್ದಾಗ ಅವರ ಕೈಗಡಿಯಾರದ ಚರ್ಮದ ಪಟ್ಟಿಯನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟವರಲ್ಲ. ಬಸ್ಸು ಟೆಂಪೋಗಳಲ್ಲಿ ಕಂಡವರೆಲ್ಲ ಮುಟ್ಟುತ್ತಾರೆಂದು ಆರು ವರ್ಷದಿಂದ ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಕೆಟ್ಟ ಹೆಂಗಸಲ್ಲ. ಸೊಸೆ ನೌಕರಿಗೆ ಹೋದಾಗ ಇಬ್ಬರು ಮಕ್ಕಳನ್ನು ಬೆಳೆಸಿದ್ದು ಅವರೇ. ಆದರೆ ಮಡಿ ಎಂದರೆ ಮಡಿ.

ಸುಧೀರ, "ಅವ್ವ ಹೆಂಗೂ ಎಲ್ಲೂ ಹೋಗಂಗಿಲ್ಲ, ಇದನ್ನ ತಗೊಳ್ಳೋಣು" ಎಂದ. ನಾನೂ ಅದನ್ನೇ ಹೇಳಿದೆ. ಸಂಪದಾ ಒಪ್ಪಲಿಲ್ಲ. "ಮನಿಗೆ ಗಾಡಿ ತಂದು, ಮನಿ ಹಿರೇರು ಕೂಡಬಾರದು ಅಂದ್ರ ಅದು ಎಂಥಾ ಗಾಡಿರೀ ಅಕ್ಕಾರ?" ಎಂದಳು. ಅದೇ ಕಾರಿನ ಕೆಳಗಿನ ಮಾಡೆಲ್ ಇತ್ತು, ಬಟ್ಟೆಯ ಸೀಟಿನದು. ಅದಕ್ಕೆ ಮಾಡಿನ ಗಾಜಿಲ್ಲ, ಬೇಸಿಗೆಯಲ್ಲಿ ಬೆನ್ನು ತಂಪಾಗಿಸುವ ಸೀಟಿಲ್ಲ. ಎರಡು ತಿಂಗಳು ಕಾಯಬೇಕು. ತನ್ನ ಸುಖವನ್ನೆಲ್ಲ ಬಿಟ್ಟುಕೊಟ್ಟು ಅದನ್ನೇ ಬರೆಸಿ ಬಂದಳು. ಒಳ್ಳೆಯತನಕ್ಕೂ ಒಂದು ಮಿತಿ ಬೇಕು ಎಂದು ಆ ದಿನವೇ ಬೈದಿದ್ದೆ.

ಕಾರು ಬಂದ ದಿನ ನಾನೂ ಹೋಗಿದ್ದೆ. ಗಾಲಿಗೆ ತೋಟದ ನಿಂಬೆಹಣ್ಣು ಇಟ್ಟು ಪೂಜೆಯಾಯಿತು. ಭಾಗೀರಥೀಬಾಯಿ ಕೋಲೂರಿಕೊಂಡು ಬಂದು, ಬಾಗಿಲಲ್ಲಿ ಬಗ್ಗಿ ಸೀಟಿನ ಬಟ್ಟೆ ಮುಟ್ಟಿ ನೋಡಿದರು.

"ಅರಿವಿ ಅದ ಅಲ್ಲ?"

"ಹೌದ್ರೀ ಅತ್ತಿ, ನಿಮ್ಮ ಸಲುವಾಗಿನ ತಂದೇವಿ" ಎಂದಳು ಸಂಪದಾ.

ಮುದುಕಿಯ ಕಣ್ಣು ತುಂಬಿ ಬಂದವು. ಅವರ ತವರು ಹೂವಿನ ಹಿಪ್ಪರಗಿ. ಅಲ್ಲಿ ಮನೆಯವರದೇ ಒಂದು ಸಣ್ಣ ವಿಠ್ಠಲನ ಗುಡಿ. ಹುಡುಗಿಯಾಗಿದ್ದಾಗ ದ್ವಾದಶಿಗೆ ಮಡಿಯಲ್ಲಿ ಅಡುಗೆ ಮಾಡಿ ನೈವೇದ್ಯ ಒಯ್ಯುತ್ತಿದ್ದರಂತೆ. "ಹಂಗಿದ್ರ ನಾನು ಮಡೀಲೆ ನೈವೇದ್ಯ ತಗೊಂಡು ಹೋಗಬಹುದಲ್ಲವಾ!" ಎಂದರು. ಅವರ ಮುಖ ನೋಡಿ ನನಗೂ ಸಂತೋಷವಾಯಿತು. ಎಂಥ ಮೂರ್ಖಳು ನಾನು!

ಮರುದಿನ ಸಂಪದಾಳ ಬಾಯಿಂದ ತಿಳಿಯಿತು ಅದರ ಅರ್ಥ. ಚರ್ಮವಾದರೆ ಅವರು ಕಾರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬಟ್ಟೆಯಾದ್ದರಿಂದ ಮಡಿಗೆ ನಡೆಯುತ್ತದೆ. ಆದರೆ ಬಟ್ಟೆಗೆ ಮೈಲಿಗೆ ಬೇಗ ಅಂಟುತ್ತದೆ. ಗಳದ ಮೇಲೆ ಒಣಹಾಕಿದ ಮಡಿ ಸೀರೆಯನ್ನು ಯಾರೂ ಮುಟ್ಟುವಂತಿಲ್ಲವಲ್ಲ, ಇದೂ ಹಾಗೆಯೇ. ಸ್ನಾನ ಮಾಡಿ ಒಗೆದದ್ದು ಉಟ್ಟವರು ಮಾತ್ರ ಒಳಗೆ ಕೂರಬೇಕು. ಶಾಲೆ, ಬಜಾರ, ಬಸ್‌ಸ್ಟ್ಯಾಂಡಿನಿಂದ ಬಂದವರು ಮುಟ್ಟಬಾರದು. ಸಂಪದಾ ಬೆಳಿಗ್ಗೆ ಮಡಿಯಲ್ಲೇ ಹೋದಳೆನ್ನಿ, ಸಂಜೆ ನೂರು ಮಕ್ಕಳನ್ನು ಮುಟ್ಟಿ ಅದೇ ಸೀಟಿನಲ್ಲಿ ಬರಬೇಕಲ್ಲ! "ಪೆಟ್ರೋಲ್ ಹಾಕಾಂವಗೆ ಸ್ನಾನಾ ಮಾಡಸ್ತಾರೇನು?" ಎಂದು ಕೇಳಿದೆ. ಅವನು ಮುಟ್ಟುವುದು ಹೊರಗಿನ ತಗಡನ್ನಂತೆ, ತಗಡಿಗೆ ಮೈಲಿಗೆ ಇಲ್ಲವಂತೆ.

"ಸ್ವಲ್ಪ ದಿನ ತಡಿ, ಅವ್ವನ ಹುರುಪು ಇಳೀಲಿ" ಎಂದ ಸುಧೀರ. ಆ ಸ್ವಲ್ಪ ದಿನ ನಾಲ್ಕು ತಿಂಗಳಾಯಿತು. ದ್ವಾದಶಿಗೊಮ್ಮೆ ಅವನು ಪಂಚೆ ಉಟ್ಟು ಅವ್ವನನ್ನು ಹಿಪ್ಪರಗಿಗೆ ಕರೆದೊಯ್ಯುತ್ತಿದ್ದ, ಉಳಿದ ದಿನ ಕಾರು ಹೊದಿಕೆಯೊಳಗೆ. ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಸಂಪದಾ ನನ್ನ ಪಕ್ಕದಲ್ಲಿ, ಏಳರ ಬಸ್ಸಿನಲ್ಲಿ.

ಮೊದಲನೆಯ ದ್ವಾದಶಿ ರವಿವಾರ ಬಂದಿತ್ತು. ಎಲ್ಲರೂ ಕೂಡಿ ಹೋಗುವುದೆಂದು ಆಗಿತ್ತು. ಅವತ್ತೇ ಬೆಳಿಗ್ಗೆ ಸಂಪದಾ ಹೊರಗಾದಳು. ತಿಂಗಳ ಆ ಮೂರು ದಿನ ಅವರ ಮನೆಯಲ್ಲಿ ಹೆಂಗಸರು ಹೊರಗಿನ ಕೋಣೆಯಲ್ಲಿರುತ್ತಾರೆ, ಯಾವುದನ್ನೂ ಮುಟ್ಟುವುದಿಲ್ಲ. ಸಣ್ಣ ಕೂಸಿಗೆ ಮಾತ್ರ ದೋಷವಿಲ್ಲ. ಮಗಳು ರೇಷ್ಮೆ ಲಂಗ ಉಟ್ಟು ಹತ್ತಿದಳು, ಮಗನನ್ನು ಕುರ್ಚಿಯಲ್ಲಿ ಬಿಗಿದರು, ಅತ್ತೆ ಇವಳು ಅಳೆದು ಆರಿಸಿದ ಮೆಟ್ಟಿಲ ಮೇಲೆ ಕಾಲಿಟ್ಟು ಸಲೀಸಾಗಿ ಒಳಗೆ ಕೂತರು. ಇವಳು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡಿದಳು.

ಸೋಮವಾರ ಇದನ್ನು ಕೇಳಿ ನನಗೆ ಮೈ ಉರಿಯಿತು. "ಚರ್ಮದ್ದ ತಗೊಂಡಿದ್ರ ಇಷ್ಟೊತ್ತಿಗೆ ಕೀಲಿ ನಿನ್ನ ಕೈಯಾಗ ಇರತಿತ್ತು. ಬ್ಯಾಡಾ ಅಂದ್ರ ಕೇಳಿದೇನು?" ಎಂದೆ.

"ಗೊತ್ತದ ಅಕ್ಕಾರ" ಎಂದಳು. ಕಣ್ಣು ಮುಚ್ಚಿ ತಲೆಯನ್ನು ಮುಂದಿನ ಸೀಟಿನ ಸರಳಿಗೆ ಆನಿಸಿದಳು.

ಬೈಯುವುದು ಸುಲಭ. ನಾನೇನು ದೊಡ್ಡ ಶೂರಳೇ? ಕೊರಳಲ್ಲಿ ಲಿಂಗ ಇದ್ದವರಿಗೆ ಸೂತಕವಿಲ್ಲ ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನು. ಆದರೂ ನಮ್ಮತ್ತೆ ಇರುವತನಕ ಅಂಗಳದಲ್ಲಿ ಕುರ್ಚಿ ಹಾಕಿ ಕೂತವಳಲ್ಲ. ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಎನ್ನುತ್ತಾ ಕಾದೆ. ನನ್ನ ಕಾಲ ಬಂದಾಗ ಮೊಳಕಾಲು ಹೋಗಿದ್ದವು.

ಕಬ್ಬಿನ ಹಂಗಾಮು ಸುರುವಾಯಿತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ಬಸ್ಸು ಇನ್ನೂ ತಡವಾಗತೊಡಗಿತು. ಒಂದು ಸೋಮವಾರ ಹೇಳಿದಳು, ನಿನ್ನೆ ಹೃಷಿ ಕಟ್ಟೆಯ ಮೆಟ್ಟಿಲಿಂದ ಬಿದ್ದನಂತೆ, ಹಣೆ ಒಡೆಯಿತಂತೆ. ಇವಳು ಓಡಿ ಎತ್ತಿಕೊಂಡರೆ, ಇವಳ ತೋಳಿನಿಂದಲೇ ಅಜ್ಜಿಯ ಕಡೆ ಎರಡೂ ಕೈ ಚಾಚಿ ಅತ್ತನಂತೆ. "ಕೊಟ್ಟೆ ಅಕ್ಕಾರ. ಅವರ ಕೈಯಾಗ ಕೊಟ್ಟ ಮ್ಯಾಲ ಸುಮ್ಮನಾದ" ಎಂದಳು. ನಾನು ಅವಳ ಕೈ ಹಿಡಿದು ಕೂತೆ.

ಆ ವಾರದ ಗುರುವಾರ ಅವಳು ಬಸ್ಸಿಗೆ ಬರಲಿಲ್ಲ. ಸೀಟಿನ ಮೇಲೆ ಚೀಲ ಇಟ್ಟು ಸಾಲೋಟಗಿಯವರೆಗೂ ಜಾಗ ಕಾಯ್ದೆ. ಶಾಲೆ ಮುಟ್ಟಿ, ಪ್ರಾರ್ಥನೆಗೆ ಹತ್ತು ನಿಮಿಷ ಇದೆ ಎನ್ನುವಾಗ ಗೇಟಿನಲ್ಲಿ ಬೂದು ಬಣ್ಣದ ಕಾರು ನಿಂತಿತು. ಇಳಿದವಳು ಸಂಪದಾ. ಹೆಗಲ ಮೇಲೆ ತುಪ್ಪದನ್ನದ ಕಲೆ. ಸ್ಟಾಫ್‌ರೂಮಿಗೆ ಬಂದು ಕೀಲಿಯನ್ನು ಮೇಜಿನ ಮೇಲಿಟ್ಟು ಕೂತಳು.

"ಉಣಿಸಿ ಬಂದೆ ಅಕ್ಕಾರ. ಮೊದಲ ಮಾರಿ ತಿರುವಿದ. ಆಮ್ಯಾಲ ಎಂಟು ತುತ್ತು ತಿಂದ."

"ಅತ್ತಿ ಕೀಲಿ ಕೊಟ್ರ?"

"ಕೇಳಲಿಲ್ಲ. ನಾನ ತಗೊಂಡೆ." ದನಿ ತಗ್ಗಿಸಿದಳು. "ಇವತ್ತ ನನ್ನ ಎರಡನೇ ದಿನಾ."

ಹೊರಗಾದವಳು ಕೂತ ಸೀಟು. ಸೀರೆಯಾದರೆ ಒಗೆಯಬಹುದು, ಕಾರಿನ ಸೀಟನ್ನು ಬಿಚ್ಚಿ ನೀರಿಗೆ ಹಾಕಲಾಗುವುದಿಲ್ಲ. ಇನ್ನು ಆ ಕಾರು ಮಡಿಗೆ ಎಂದೂ ಬರುವುದಿಲ್ಲ. ಇದೆಲ್ಲ ಗೊತ್ತಿದ್ದೇ ಕೂತಿದ್ದಳು.

"ಏನಂದ್ರು?"

"ಬಾಗಲಾಗ ನಿಂತಿದ್ರು. ನಾಳೆ ದ್ವಾದಶಿ, ನೈವೇದ್ಯದ ಪಾತ್ರಿ ತಿಕ್ಕಿ ಕೈಯಾಗ ಹಿಡಕೊಂಡಿದ್ರು. ನಾನು ಕೂತದ್ದು ನೋಡಿದ್ರು. ಬೈಲಿಲ್ಲ ಅಕ್ಕಾರ. ಕಬ್ಬಿನ ಗಾಡಿ ಭಾಳ ಇರ್ತಾವ, ಸಾವಕಾಶ ಹೋಗು ಅಂದ್ರು. ಅಂದು ಒಳಗ ಹೋದ್ರು."

ನಾಲ್ಕು ತಿಂಗಳಿಂದ ನಾನು ಕಾಯುತ್ತಿದ್ದದ್ದು ಇದಕ್ಕೇ. ಭಲೇ ಎಂದು ಬೆನ್ನು ತಟ್ಟಬೇಕಾಗಿತ್ತು. ಆದರೆ ನನಗೆ ಕೈಯಲ್ಲಿ ಪಾತ್ರೆ ಹಿಡಿದು ನಿಂತ ಮುದುಕಿಯೇ ಕಾಣುತ್ತಿದ್ದರು.

ಸಂಜೆ ಅವಳ ಜೊತೆ ಕಾರಿನಲ್ಲೇ ಬಂದೆ. ಸೀಟು ಮೆತ್ತಗಿತ್ತು, ಸಪ್ಪಳವೇ ಇರಲಿಲ್ಲ. ಆರು ಗಂಟೆಗೆಲ್ಲ ಅವರ ಮನೆಯ ಮುಂದೆ ಇದ್ದೆವು, ಇನ್ನೂ ಬೆಳಕಿತ್ತು. ಭಾಗೀರಥೀಬಾಯಿ ಕಟ್ಟೆಯ ಮೇಲೆ ಮೊಮ್ಮಗನನ್ನು ಎತ್ತಿಕೊಂಡು ಕೂತಿದ್ದರು. ಎದ್ದು ಬಂದು, ಸೊಸೆಯಿಂದ ಎರಡು ಮಾರು ದೂರದಲ್ಲಿ ಕೂಸನ್ನು ನೆಲದ ಮೇಲೆ ಇಳಿಸಿ ಹಿಂದೆ ಸರಿದರು. ಹೊರಗಾದವಳ ಕೈಗೆ ಕೈ ತಾಗಬಾರದು. ಕೂಸು ನಡುವೆ ನಿಂತು ಇಬ್ಬರ ಮುಖವನ್ನೂ ನೋಡಿ, ಪುಟ್ಟ ಹೆಜ್ಜೆ ಹಾಕುತ್ತಾ ಹೋಗಿ ಸಂಪದಾಳ ಸೀರೆ ಹಿಡಿಯಿತು.

"ನಾ ಏಳೆಂಟು ಸಲ ಹೋಗಿ ಬಂದೆನಲ್ಲ" ಎಂದರು ಮುದುಕಿ, ಕಾರನ್ನು ನೋಡುತ್ತಾ. "ಅಷ್ಟು ಸಾಕು ತಗೋ. ನನ್ನ ವಿಠ್ಠಲಗ ನಾ ಇಲ್ಲಿಂದನ ಕೈ ಮುಗೀತೇನಿ. ನೀನು ದಿನಾ ಇದರಾಗ ಹೋಗು."

ಸಂಪದಾ ಮಗನನ್ನು ಎತ್ತಿ ಅವುಚಿಕೊಂಡು, ಆ ಅಂಗಳದಲ್ಲೇ ನಿಂತು ಗಳಗಳ ಅತ್ತಳು. ಭಾಗೀರಥೀಬಾಯಿ ಒಂದು ಹೆಜ್ಜೆ ಮುಂದೆ ಬಂದು, ಕೈ ಎತ್ತಿ, ಅವಳನ್ನು ಮುಟ್ಟಲಾಗದೆ ನಿಂತರು.